ಗಿರಾಕಿಯಾಗಿ ಮೆಚ್ಚಿದ ಗ್ಯಾರೇಜು ನೆರೆಗೆ ಬರುವುದಾದರೆ

ಚಿಕ್ಕಮಗಳೂರಿನ ಹೊರವಲಯದಲ್ಲಿ ಹೆದ್ದಾರಿಗೆ ಮುಖ ಮಾಡಿಕೊಂಡಿರುವ ಒಂದು ಕಾರು ಗ್ಯಾರೇಜಿನ ವಿಮರ್ಶೆ ಇದು. ಅದರ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಇಲ್ಲಿ ಹೇಳಲಿರುವ ಮಾತುಗಳಲ್ಲಿ ಅರ್ಧದಷ್ಟು ಆ ಗ್ಯಾರೇಜು ಈಗ ಮಾಡುತ್ತಿರುವ ಕೆಲಸಕ್ಕೆ ಸಂಬಂಧಿಸಿದ್ದಾದರೆ, ಉಳಿದರ್ಧ ಅದು ಇನ್ನೂ ಕಾಲಿಡದ ಜಾಗಕ್ಕೆ ಸಂಬಂಧಿಸಿದ್ದು, ಮತ್ತು ಇನ್ನೂ ಮಾಡದ ತಪ್ಪಿಗೆ ಯಾರ ಹೆಸರನ್ನೂ ಕೆಡಿಸುವುದು ಸರಿಯಲ್ಲ. ನಮ್ಮ ಮನೆಯ ಕಾರು ಹಲವು ವರ್ಷಗಳಿಂದ ರಿಪೇರಿಯಾಗುತ್ತಿರುವುದು ಅಲ್ಲಿಯೇ. ಕಳೆದ ಮಳೆಗಾಲ ಮುಗಿಯುತ್ತಿದ್ದಂತೆ ಅದರ ಮಾಲೀಕರು ನಮ್ಮ ಬಡಾವಣೆಯ ಮೂಲೆಯಲ್ಲಿರುವ 60×40 ಅಡಿಯ ಖಾಲಿ ಸೈಟನ್ನು ಕರಾರಿನ ಮೇಲೆ ಬಾಡಿಗೆಗೆ ಹಿಡಿದು, ಅಲ್ಲಿ ಶೆಡ್ಡು ಹಾಕಿ ಎರಡನೆಯ ಗ್ಯಾರೇಜು ತೆರೆಯುವುದಾಗಿ ಹೇಳಿ, ‘ನಮ್ಮ ಯಾವುದೇ ಆಕ್ಷೇಪಣೆ ಇರುವುದಿಲ್ಲ’ ಎಂದು ಟೈಪು ಮಾಡಿಸಿದ ಹಾಳೆಯೊಂದಿಗೆ ಮನೆಮನೆಗೆ ಬಂದರು. ಆ ಸೈಟಿಗೂ ನಮ್ಮ ಮನೆಗೂ ನಡುವೆ ಇರುವುದು ಒಂದೇ ಮನೆ.

ಸಹಿ ಕೇಳಿದ ರೀತಿಯಲ್ಲಿ ಮರ್ಯಾದೆಗೆ ಕೊರತೆಯಿರಲಿಲ್ಲ. ಆದರೆ ಆ ಹಾಳೆಯಲ್ಲಿ ‘ವಾಹನ ದುರಸ್ತಿ ಕೇಂದ್ರ’ ಎಂಬ ಮಾತನ್ನು ಬಿಟ್ಟರೆ, ಯಾವ ಯಾವ ಕೆಲಸ ನಡೆಯಲಿದೆ, ಯಾವ ಯಂತ್ರಗಳು ಕೂರಲಿವೆ, ಬಾಗಿಲು ತೆರೆಯುವ ಮತ್ತು ಹಾಕುವ ಹೊತ್ತು ಯಾವುದು ಎಂಬ ವಿವರ ಒಂದೂ ಇರಲಿಲ್ಲ. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಅದನ್ನು ಎರಡು ಬಾರಿ ಓದಿ, ‘ಏನಕ್ಕೆ ಒಪ್ಪಿಗೆ ಅಂತ ಇದರಲ್ಲಿ ಬರೆದೇ ಇಲ್ವಲ್ಲಮ್ಮ’ ಎಂದರು. ಗಿರಾಕಿಯಾಗಿ ಇಷ್ಟು ವರ್ಷ ನೋಡಿದ ಗ್ಯಾರೇಜನ್ನು ನೆರೆಯವಳಾಗಿ ಒಮ್ಮೆ ಕೂತು ಕೇಳಿ ಬರಬೇಕೆಂದು ನನಗೆ ಅನ್ನಿಸಿದ್ದು ಆಗ.

ಮೊದಲು ಕೆಲಸದ ಗುಣಮಟ್ಟ. ಗಿರಿ ಹತ್ತಿ ಇಳಿಯುವ ವಾಹನಗಳ ಊರಿನಲ್ಲಿ ಗ್ಯಾರೇಜಿನ ಯೋಗ್ಯತೆಯನ್ನು ಬ್ರೇಕಿನ ಕೆಲಸದಲ್ಲಿ ಅಳೆಯಬೇಕು ಎಂಬುದು ನನ್ನ ಅಭಿಪ್ರಾಯ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಗೂ ಅದರಾಚೆಯ ಬಾಬಾಬುಡನ್‌ಗಿರಿಗೂ ವಾರಾಂತ್ಯದಲ್ಲಿ ಸಾಲುಗಟ್ಟುವ ಹೊರ ಊರಿನ ಕಾರುಗಳಲ್ಲಿ ಎಷ್ಟೋ ಕಾರುಗಳು ಇಳಿಜಾರಿನುದ್ದಕ್ಕೂ ಬ್ರೇಕನ್ನೇ ತುಳಿಸಿಕೊಂಡು ಬಂದು, ಗಿರಿಯ ಬುಡದಲ್ಲಿರುವ ಕೈಮರ ತಲುಪುವ ಹೊತ್ತಿಗೆ ಚಕ್ರದ ಸಂದಿಯಿಂದ ಸುಟ್ಟ ವಾಸನೆ ಬಿಡುತ್ತಾ ರಸ್ತೆ ಬದಿಗೆ ನಿಲ್ಲುವುದು ಇಲ್ಲಿನವರಿಗೆ ಹೊಸ ದೃಶ್ಯವಲ್ಲ. ಹತ್ತಿದ ಗೇರಿನಲ್ಲೇ ಇಳಿಯಬೇಕು ಎಂಬ ಎಸ್ಟೇಟು ಜೀಪಿನ ಚಾಲಕರ ಪಾಠವನ್ನು ಅವರಿಗೆ ಯಾರೂ ಹೇಳಿರುವುದಿಲ್ಲ. ಇದರ ಜೊತೆಗೆ ಮಲೆನಾಡಿನ ತೇವವೂ ಸೇರುತ್ತದೆ. ಬ್ರೇಕ್ ಆಯಿಲ್ ಗಾಳಿಯಲ್ಲಿನ ನೀರಿನಂಶವನ್ನು ನಿಧಾನವಾಗಿ ಹೀರಿಕೊಳ್ಳುವ ಗುಣದ್ದು. ಡಾಟ್ 4 ದರ್ಜೆಯ ಹೊಸ ಆಯಿಲ್ 230 ಡಿಗ್ರಿ ಸೆಲ್ಸಿಯಸ್‌ವರೆಗಾದರೂ ಕುದಿಯದೆ ಉಳಿಯಬೇಕೆಂಬುದು ಮಾನದಂಡವಾದರೆ, ನೀರು ಸೇರಿದ ಆಯಿಲಿಗೆ ಆ ಕನಿಷ್ಠ ಮಿತಿ 155 ಡಿಗ್ರಿಯಷ್ಟೇ. ಕುದಿ ಹತ್ತಿತೆಂದರೆ ಪೈಪಿನೊಳಗೆ ಆವಿಯ ಗುಳ್ಳೆ ಎದ್ದು, ಪೆಡಲು ಹಿಡಿತವಿಲ್ಲದೆ ಕೆಳಗಿಳಿಯುತ್ತದೆ. ಪ್ಯಾಡು ಬದಲಿಸಿ ಹಣ ಪಡೆದು ಕಳಿಸುವ ಗ್ಯಾರೇಜುಗಳು ಬೇಕಾದಷ್ಟಿವೆ. ಆಯಿಲ್ ಹಾಕಿಸಿ ಎಷ್ಟು ದಿನವಾಯಿತೆಂದು ವಿಚಾರಿಸಿ, ಎರಡು ವರ್ಷ ದಾಟಿದ್ದರೆ ಅದನ್ನು ಬದಲಿಸದೆ ಗಾಡಿ ಕೊಡುವುದಿಲ್ಲವೆಂದು ಹಟ ಹಿಡಿಯುವ ಗ್ಯಾರೇಜು ನಾನು ಕಂಡ ಮಟ್ಟಿಗೆ ಇದೊಂದೇ.

ಅವರ ಹಿರಿಯ ಮೇಸ್ತ್ರಿ ಹಿಂದಿನ ಚಕ್ರದ ಡ್ರಮ್ ಬಿಚ್ಚುವುದನ್ನು ಹತ್ತಿರದಿಂದ ನೋಡಬೇಕು. ಡ್ರಮ್ಮಿನೊಳಗೆ ಕಪ್ಪಗೆ ಕೂತಿರುವ ಧೂಳನ್ನು ಗಾಳಿ ಹೊಡೆದು ಹಾರಿಸಿಬಿಡುವುದು ಅನೇಕ ಕಡೆಯ ರೂಢಿ. ಇವರು ಮಾತ್ರ ಅದನ್ನು ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಬೇರೆ ಡಬ್ಬಕ್ಕೆ ಹಾಕುತ್ತಾರೆ, ಏಕೆಂದರೆ ಆ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಬ್ರೇಕ್ ಶೂಗಳ ಮೈ ಹೊಳಪೇರಿ ಗಟ್ಟಿಯಾಗಿದೆಯೇ ಎಂದು ಉಗುರಿನಿಂದ ಕೆರೆದು ನೋಡುತ್ತಾರೆ. ವೀಲ್ ಸಿಲಿಂಡರಿನ ರಬ್ಬರ್ ಕವಚವನ್ನು ತುಸುವೇ ಎತ್ತಿ, ಒಳಗೆ ಆಯಿಲಿನ ಪಸೆ ಇದೆಯೇ ಎಂದು ಬೆರಳಿಟ್ಟು ಪರೀಕ್ಷಿಸುತ್ತಾರೆ. ಕೊನೆಯದು ಗಾಳಿ ತೆಗೆಯುವ ಕೆಲಸ: ಒಬ್ಬ ಹುಡುಗ ಒಳಗೆ ಕೂತು ಪೆಡಲು ತುಳಿಯುತ್ತಾನೆ, ಮೇಸ್ತ್ರಿ ಚಕ್ರದ ಬಳಿ ಕುಕ್ಕರುಗಾಲಿನಲ್ಲಿ ಕೂತು, ನಿಪ್ಪಲಿಗೆ ಸಿಕ್ಕಿಸಿದ ಪಾರದರ್ಶಕ ಟ್ಯೂಬನ್ನೇ ದಿಟ್ಟಿಸುತ್ತಾ ‘ತುಳಿ, ಹಿಡ್ಕೊ, ಬಿಡು’ ಎನ್ನುತ್ತಿರುತ್ತಾರೆ, ಟ್ಯೂಬಿನಲ್ಲಿ ಗುಳ್ಳೆ ಬರುವುದು ನಿಲ್ಲುವ ತನಕ ಅದೇ ಮೂರು ಮಾತು. ಇಷ್ಟು ಹೊತ್ತಿನ ಕೆಲಸದಲ್ಲಿ ನನಗೆ ಕೇಳಿಸಿದ್ದು ಮನುಷ್ಯರ ದನಿ ಮತ್ತು ಸ್ಪ್ಯಾನರಿನ ಸಣ್ಣ ಟಿಕ್ ಸದ್ದು ಮಾತ್ರ. ಇಷ್ಟು ವಿವರವಾಗಿ ಬರೆಯಲು ಕಾರಣವಿದೆ: ಈ ಗ್ಯಾರೇಜು ಯಾವ ಕೆಲಸದಲ್ಲಿ ನಿಜವಾಗಿ ನಿಪುಣವೋ ಆ ಕೆಲಸಕ್ಕೆ ಸದ್ದೇ ಬೇಕಿಲ್ಲ.

ದರದಲ್ಲಿ ಮೋಸವಿಲ್ಲ. ಬಿಚ್ಚಿದ ಹಳೆಯ ಭಾಗಗಳನ್ನು ಕವರಿಗೆ ಹಾಕಿ ಕೈಗೆ ಕೊಡುತ್ತಾರೆ, ಬಿಡಿಭಾಗದ ಬೆಲೆಯನ್ನೂ ಕೂಲಿಯನ್ನೂ ಬೇರೆ ಬೇರೆಯಾಗಿ ಬರೆಯುತ್ತಾರೆ. ಕೊರತೆಗಳೆಂದರೆ, ಹೇಳಿದ ದಿನಕ್ಕೆ ಗಾಡಿ ಸಿಗುವುದು ಅಪರೂಪ, ಫೋನು ಎತ್ತುವುದು ಅದಕ್ಕಿಂತಲೂ ಅಪರೂಪ. ಟಿಂಕರಿಂಗ್ ಮತ್ತು ಪೇಂಟಿಂಗ್ ಕೆಲಸ ಸಾಧಾರಣ ಮಟ್ಟದ್ದು. ಅವರಲ್ಲಿ ಬಣ್ಣ ಹೊಡೆಸಿದ ನಮ್ಮ ಕಾರಿನ ಎಡಬದಿಯ ಬಾಗಿಲು ಬಿಸಿಲಿನಲ್ಲಿ ಇಂದಿಗೂ ಪಕ್ಕದ ಬಾಗಿಲಿಗಿಂತ ಬೇರೆಯೇ ಛಾಯೆಯಲ್ಲಿ ಕಾಣುತ್ತದೆ.

ಇನ್ನು ಸದ್ದಿನ ವಿಚಾರ. ಒಂದು ಕೆಲಸದ ದಿನ ಬೆಳಿಗ್ಗೆ ಕಾರನ್ನು ಸರ್ವೀಸಿಗೆ ಬಿಟ್ಟು, ಮನೆಗೆ ಹಿಂತಿರುಗದೆ, ಗ್ಯಾರೇಜಿನ ಮುಂದಿನ ಹೊಂಗೆ ಮರದಡಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಊಟದ ಹೊತ್ತಿನವರೆಗೆ ಕುಳಿತೆ. ಮೊದಲು ಗಮನ ಸೆಳೆದದ್ದು ಕಂಪ್ರೆಸರ್. ಅದು ಪಿಸ್ಟನ್ ಮಾದರಿಯದು. ಟ್ಯಾಂಕಿನಲ್ಲಿ ಒತ್ತಡ ಇಳಿದಾಗಲೆಲ್ಲ ತಾನೇ ತಾನಾಗಿ ಶುರುವಾಗಿ, ನೆಲವನ್ನೂ ನಡುಗಿಸಿ, ಒತ್ತಡ ತುಂಬಿದೊಡನೆ ‘ಪುಸ್’ ಎಂದು ಗಾಳಿ ಬಿಟ್ಟು ನಿಲ್ಲುತ್ತದೆ. ಯಾರೂ ಗಾಳಿ ಬಳಸದಿದ್ದರೂ ಪೈಪಿನ ಜೋಡಣೆಗಳಲ್ಲಿ ಸಣ್ಣ ಸೋರಿಕೆಯಿದ್ದರೆ ಸಾಕು, ಅದು ಮತ್ತೆ ಮತ್ತೆ ಏಳುತ್ತದೆ; ರಾತ್ರಿ ಸ್ವಿಚ್ಚು ಆರಿಸುವುದನ್ನು ಮರೆತು ಬೀಗ ಹಾಕಿಕೊಂಡು ಹೋದರೆ ಯಾರೂ ಇಲ್ಲದ ಶೆಡ್ಡಿನಲ್ಲಿಯೂ ಏಳುತ್ತದೆ. ಎರಡನೆಯದು ಚಕ್ರದ ನಟ್ಟು ಬಿಚ್ಚುವ ಏರ್ ಗನ್. ನಾಲ್ಕು ಚಕ್ರಕ್ಕೆ ನಾಲ್ಕು ನಾಲ್ಕರಂತೆ 16 ನಟ್ಟು, ಬಿಚ್ಚುವಾಗ ಒಮ್ಮೆ, ಕಟ್ಟುವಾಗ ಒಮ್ಮೆ, ಅಂದರೆ ಒಂದು ಸಣ್ಣ ಕಾರಿಗೆ 32 ಬಾರಿ ಅದು ಗಡಗಡಿಸಬೇಕು. ಟ್ಯೂನಿಂಗ್ ಆದ ಮೇಲೆ ಎಂಜಿನ್ ರೇಸ್ ಮಾಡುವುದು, ಹಾರ್ನು ಒತ್ತಿ ನೋಡುವುದು, ಹಿಂದಕ್ಕೆ ತೆಗೆಯುವ ಪಿಕಪ್ಪುಗಳ ಕೀ ಕೀ, ಹುಡುಗರ ಕೂಗಾಟ, ಇವೆಲ್ಲ ಹೆದ್ದಾರಿಯ ಲಾರಿಗಳ ಸದ್ದಿನಲ್ಲಿ ಬೆರೆತು ಹೋಗುತ್ತವೆ. ಆದ್ದರಿಂದಲೇ ಇಷ್ಟು ವರ್ಷ ಗಿರಾಕಿಯಾಗಿದ್ದ ನನಗೆ ಅವು ಕೇಳಿಸಿಯೇ ಇರಲಿಲ್ಲ.

ಟಿಂಕರಿಂಗ್ ಶೆಡ್ಡಿನಿಂದ ಬರುವ ಸದ್ದು ಇವೆಲ್ಲಕ್ಕಿಂತ ಬೇರೆ ಜಾತಿಯದು. ನೆಗ್ಗಿದ ಬಾನೆಟ್ಟಿನ ಅಡಿಗೆ ಕಬ್ಬಿಣದ ಗಟ್ಟಿಯೊಂದನ್ನು ಒತ್ತಿ ಹಿಡಿದು, ಮೇಲಿನಿಂದ ಸುತ್ತಿಗೆಯಲ್ಲಿ ಹೊಡೆಯುವಾಗ ಆ ಅಗಲವಾದ ತಗಡು ತಮಟೆಯಂತೆ ಮೊಳಗುತ್ತದೆ. ನಾಲ್ಕು ಏಟು, ಬಿಡುವು, ಕೈಯಾಡಿಸಿ ನೋಡುವುದು, ಮತ್ತೆ ಎರಡು ಏಟು, ಮತ್ತೆ ಬಿಡುವು; ಮುಂದಿನ ಏಟು ಯಾವಾಗ ಎಂಬುದು ಹೊಡೆಯುವವನಿಗೆ ಮಾತ್ರ ಗೊತ್ತಿರುವುದರಿಂದ ಕೇಳುವವರ ಕಿವಿಗೆ ಅದು ಎಂದೂ ರೂಢಿಯಾಗುವುದಿಲ್ಲ. ಫ್ಯಾನಿನ ಸದ್ದಿಗೆ, ಮಳೆಯ ಸದ್ದಿಗೆ, ಒಂದೇ ಹದದಲ್ಲಿ ಓಡುವ ಮೋಟಾರಿನ ಸದ್ದಿಗೆ ಸಹ ಮನುಷ್ಯ ಒಗ್ಗಿಕೊಳ್ಳುತ್ತಾನೆ, ಇದಕ್ಕೆ ಒಗ್ಗಿಕೊಳ್ಳಲಾರ. ಸುತ್ತಿಗೆಯ ಹಿಂದೆಯೇ ಬೆಸುಗೆಯ ಅಂಚು ಸವರುವ ಗ್ರೈಂಡರು ಬರುತ್ತದೆ.

ಗ್ರೈಂಡರಿನಿಂದ ನಾಲ್ಕು ಹೆಜ್ಜೆ ದೂರದಲ್ಲಿ ಫೋನಿನ ಶಬ್ದಮಾಪಕ ಆ್ಯಪು 90 ಡೆಸಿಬೆಲ್ ದಾಟಿದ್ದನ್ನು ತೋರಿಸಿತು. ಫೋನಿನ ಅಳತೆ ಕಾನೂನಿನ ಮುಂದೆ ನಿಲ್ಲುವಂಥದ್ದಲ್ಲ, ಆದರೆ ಅಂದಾಜಿಗೆ ಸಾಕು. ಲೋಹ ಸವರುವ ಗ್ರೈಂಡರು ಹಿಡಿದವನ ಬಳಿ 95ರಿಂದ 100 ಡೆಸಿಬೆಲ್ ಇರುವುದು ಸಾಮಾನ್ಯವೇ. ತೆರೆದ ಬಯಲಿನಲ್ಲಿ ದೂರ ಇಮ್ಮಡಿಯಾದಂತೆಲ್ಲ ಸದ್ದು 6 ಡೆಸಿಬೆಲ್‌ನಂತೆ ಇಳಿಯುತ್ತದೆ. 1 ಮೀಟರಿನಲ್ಲಿ 100 ಇದ್ದದ್ದು 2 ಮೀಟರಿನಲ್ಲಿ 94, 4 ಮೀಟರಿನಲ್ಲಿ 88, 8 ಮೀಟರಿನಲ್ಲಿ 82, 16 ಮೀಟರಿನಲ್ಲಿ 76. ಮೂಲೆ ಸೈಟಿನ ಪಕ್ಕದ ಮನೆಯ ಮಲಗುವ ಕೋಣೆಯ ಕಿಟಕಿ ಶೆಡ್ಡಿನ ನಡುಭಾಗದಿಂದ 8 ಮೀಟರಿಗಿಂತ ಹೆಚ್ಚು ದೂರವಿರುವುದಿಲ್ಲ. ನಮ್ಮ ಮನೆ 16 ಮೀಟರಿನ ಆಸುಪಾಸು. ಬರೀ ದೂರದಿಂದಲೇ ಆ ಸದ್ದನ್ನು ವಸತಿ ಪ್ರದೇಶದ ಮಿತಿಯಾದ 55ಕ್ಕೆ ಇಳಿಸಬೇಕಾದರೆ ಸುಮಾರು 180 ಮೀಟರ್ ಬೇಕು, ಅಷ್ಟರಲ್ಲಿ ನಮ್ಮ ಬಡಾವಣೆಯೇ ಮುಗಿದುಹೋಗುತ್ತದೆ.

ಆ 55 ಎಂಬ ಅಂಕಿ ಬಂದಿರುವುದು ಪರಿಸರ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ 2000ನೇ ಇಸವಿಯಲ್ಲಿ ಜಾರಿಯಾದ ಶಬ್ದ ಮಾಲಿನ್ಯ ನಿಯಂತ್ರಣ ನಿಯಮಗಳಿಂದ. ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45. ವಾಣಿಜ್ಯ ಪ್ರದೇಶಕ್ಕೆ 65 ಮತ್ತು 55. ಕೈಗಾರಿಕಾ ಪ್ರದೇಶಕ್ಕೆ 75 ಮತ್ತು 70. ಹಗಲೆಂದರೆ ಬೆಳಿಗ್ಗೆ 6ರಿಂದ ರಾತ್ರಿ 10ರವರೆಗಿನ 16 ಗಂಟೆಗಳು. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತಲಿನ 100 ಮೀಟರಿಗೆ ಇನ್ನೂ ಬಿಗಿಯಾದ ಮಿತಿಯಿದೆ, ನಮ್ಮ ಬೀದಿಯಲ್ಲಿ ಅವು ಯಾವುವೂ ಇಲ್ಲ. ಮಿತಿಯನ್ನು 10 ಡೆಸಿಬೆಲ್ ಅಥವಾ ಅದಕ್ಕಿಂತ ಹೆಚ್ಚು ಮೀರಿದರೆ ದೂರು ಕೊಡಬಹುದು ಎಂದು ಅದೇ ನಿಯಮ ಹೇಳುತ್ತದೆ. ಸಹಿ ಹಾಕುವವರು ತಿಳಿದಿರಬೇಕಾದ ಸೂಕ್ಷ್ಮವೊಂದು ಇಲ್ಲಿದೆ: ಈ ಮಿತಿಗಳು ಒಂದೊಂದು ಸದ್ದಿನ ಗರಿಷ್ಠಕ್ಕೆ ಹಾಕಿದವಲ್ಲ, ಕಾಲಾವಧಿಯ ಸರಾಸರಿಗೆ ಹಾಕಿದವು. ಗ್ರೈಂಡರು ದಿನಕ್ಕೆ ಒಟ್ಟು ಒಂದು ಗಂಟೆ ನಡೆದು ಉಳಿದ ಹೊತ್ತು ನಿಶ್ಶಬ್ದವಾಗಿದ್ದರೆ, 16 ಗಂಟೆಗಳ ಸರಾಸರಿ ತೆಗೆದಾಗ 12 ಡೆಸಿಬೆಲ್ ಕಳೆದು, ಪಕ್ಕದ ಮನೆಯ ಕಿಟಕಿಯ 82 ಎಂಬುದು 70 ಆಗುತ್ತದೆ. ಆಗಲೂ ಅದು ದೂರಿಗೆ ಬೇಕಾದ 65ನ್ನು ದಾಟುತ್ತದೆ ಎನ್ನಿ. ಆದರೆ ಸುತ್ತಿಗೆಯ ಏಟುಗಳನ್ನೆಲ್ಲ ಒಟ್ಟು ಹಾಕಿದರೆ ಇಡೀ ದಿನಕ್ಕೆ ಕೆಲವೇ ನಿಮಿಷ. ಸರಾಸರಿಯಲ್ಲಿ ಅದು ಕರಗಿ, 65ರ ಗೆರೆಯನ್ನು ಮುಟ್ಟದೆಯೇ ಇರಬಹುದು. ಏಟು ಏಟಿಗೂ ತೊಟ್ಟಿಲ ಮಗು ಬೆಚ್ಚಿ ಬೀಳುತ್ತದೆ, ಸರಾಸರಿ ಬೆಚ್ಚುವುದಿಲ್ಲ. ಹಾಗಾಗಿ ‘ಹೆಚ್ಚು ಸದ್ದಾದರೆ ಆಮೇಲೆ ದೂರು ಕೊಟ್ಟರಾಯಿತು’ ಎಂಬ ಧೈರ್ಯದ ಮೇಲೆ ಈಗ ಸಹಿ ಹಾಕುವುದು ನನಗೆ ಜಾಣತನವಾಗಿ ಕಾಣುವುದಿಲ್ಲ.

ಸಹಿಗೇ ಎಷ್ಟು ಬೆಲೆಯಿದೆ ಎಂಬುದನ್ನೂ ವಿಚಾರಿಸಿದೆ. ನೆರೆಹೊರೆಯವರ ಒಪ್ಪಿಗೆ ಪತ್ರ ಒಂದು ಪೂರಕ ಕಾಗದ ಮಾತ್ರ. ಸೈಟು ನಗರಾಭಿವೃದ್ಧಿಯ ಮಾಸ್ಟರ್ ಪ್ಲಾನಿನಲ್ಲಿ ವಸತಿ ವಲಯವೆಂದು ಗುರುತಾಗಿದ್ದರೆ, ಬೀದಿಯವರೆಲ್ಲ ಸಹಿ ಹಾಕಿದರೂ ಅದು ವಾಣಿಜ್ಯ ವಲಯವಾಗುವುದಿಲ್ಲ. ಭೂ ಉಪಯೋಗ ಬದಲಾವಣೆಗೆ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲಿ ಬೇರೆಯೇ ಕ್ರಮವಿದೆ. ನಗರಸಭೆಯ ಉದ್ದಿಮೆ ಪರವಾನಗಿ ಒಂದಾದರೆ, ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಇನ್ನೊಂದು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2016ರಲ್ಲಿ ಉದ್ದಿಮೆಗಳನ್ನು ವರ್ಗೀಕರಿಸಿದಾಗ ವಾಹನಗಳ ಸರ್ವೀಸು, ದುರಸ್ತಿ ಮತ್ತು ಪೇಂಟಿಂಗನ್ನು ಕಿತ್ತಳೆ ವರ್ಗಕ್ಕೆ, ಅಂದರೆ ಅತಿ ಹೆಚ್ಚು ಮಾಲಿನ್ಯದ ಕೆಂಪಿನ ನಂತರದ ವರ್ಗಕ್ಕೆ, ಸೇರಿಸಿತ್ತು. ವಾಯು ಮಾಲಿನ್ಯ ಕಾಯ್ದೆಗೆ 1987ರಲ್ಲಿ ತಂದ ತಿದ್ದುಪಡಿಯ ನಂತರ ಶಬ್ದವನ್ನೂ ಮಾಲಿನ್ಯಕಾರಕವೆಂದೇ ಎಣಿಸಲಾಗುತ್ತದೆ. ಈ ಅನುಮತಿಗಳೆಲ್ಲ ಸಿಕ್ಕಿದ ಮೇಲೂ, ಜನರ ಆರೋಗ್ಯಕ್ಕೆ ಅಥವಾ ನೆಮ್ಮದಿಗೆ ಕುಂದು ತರುವ ಉದ್ದಿಮೆಯನ್ನು ನಿಲ್ಲಿಸಲು ಅಥವಾ ಕಟ್ಟುಪಾಡಿಗೆ ಒಳಪಡಿಸಲು ಉಪವಿಭಾಗಾಧಿಕಾರಿಯವರಿಗೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮಿನಲ್ಲಿ ಅಧಿಕಾರವಿದೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 133ನೇ ಕಲಂ ಇದೇ ಆಗಿತ್ತು. ಒಮ್ಮೆ ಬಂಡವಾಳ ಹೂಡಿ ಶೆಡ್ಡು ಎಬ್ಬಿಸಿದವರನ್ನು ಆಮೇಲೆ ಎಬ್ಬಿಸುವುದಕ್ಕಿಂತ ಮೊದಲೇ ಮಾತಾಡಿಕೊಳ್ಳುವುದು ಇಬ್ಬರಿಗೂ ಕ್ಷೇಮ. ವೇಸ್ಟ್ ಆಯಿಲ್ ಮತ್ತು ಹಳೆಯ ಬ್ಯಾಟರಿಗಳ ವಿಲೇವಾರಿಯ ಪ್ರಶ್ನೆಯೂ ಉಂಟು, ಆದರೆ ಹೆದ್ದಾರಿಯ ಗ್ಯಾರೇಜಿನಲ್ಲಿ ಅವನ್ನು ಪೀಪಾಯಿಗೆ ತುಂಬಿ ಅಚ್ಚುಕಟ್ಟಾಗಿ ಇಟ್ಟಿರುವುದನ್ನು ಕಂಡಿದ್ದೇನೆ, ಆ ಬಗ್ಗೆ ನನಗೆ ದೂರಿಲ್ಲ.

ಶೆಡ್ಡಿನ ನಕ್ಷೆಯನ್ನು ಮಾಲೀಕರೇ ತೋರಿಸಿದರು. ಮೂರು ಕಡೆ ಸೊಂಟದೆತ್ತರದ ಇಟ್ಟಿಗೆ ಗೋಡೆ, ಅದರ ಮೇಲೆ ಚಾವಣಿಯ ಸಮೀಪದವರೆಗೆ ಜಿಐ ಶೀಟು, ಮುಂಭಾಗಕ್ಕೆ ಇಡಿಯಾಗಿ ರೋಲಿಂಗ್ ಶಟರ್. ಗೋಡೆಗೂ ಚಾವಣಿಗೂ ನಡುವೆ ಗಾಳಿಯಾಡಲು ಒಂದು ಅಡಿ ಸಂದು. ಕೆಲಸಗಾರರಿಗೆ ಗಾಳಿ ಬೇಕು, ಅದನ್ನು ಅಲ್ಲಗಳೆಯಲಾಗದು. ಆದರೆ ಶಬ್ದವೂ ಅದೇ ಸಂದಿನಿಂದ ಹೊರಡುತ್ತದೆ. ಗೋಡೆಯ ಒಟ್ಟು ಹರವಿನಲ್ಲಿ ನೂರಕ್ಕೆ ಒಂದು ಪಾಲು ತೆರೆದಿದ್ದರೂ ಆ ಗೋಡೆ, ಅದೆಷ್ಟೇ ದಪ್ಪವಿರಲಿ, 20 ಡೆಸಿಬೆಲ್‌ಗಿಂತ ಹೆಚ್ಚು ಸದ್ದನ್ನು ತಡೆಯಲಾರದು. ಇಲ್ಲಿ ತೆರೆದಿರುವುದು ನೂರಕ್ಕೆ ಒಂದಲ್ಲ. ಬೋಳು ತಗಡಿನ ಚಾವಣಿ ಒಳಗಿನ ಸದ್ದನ್ನು ಹೀರದೆ ಮತ್ತೆ ಕೆಳಕ್ಕೆ ಎಸೆಯುತ್ತದೆ, ಆದ್ದರಿಂದ ಒಳಗೆ ದುಡಿಯುವ ಹುಡುಗರಿಗೂ ಅದು ಹಿತವಲ್ಲ. ಅವರಲ್ಲಿ ಒಬ್ಬನ ಕಿವಿಯಲ್ಲೂ ರಕ್ಷಕ ನಾನು ಕಾಣಲಿಲ್ಲ, ಇದು ಗಿರಾಕಿಯಾಗಿಯೂ ನನ್ನ ಆಕ್ಷೇಪ. ಇನ್ನು ಆಷಾಢದ ಗಾಳಿಮಳೆಗೆ ಮರ ಉರುಳಿ ದಿನಗಟ್ಟಲೆ ಕರೆಂಟು ಇಲ್ಲದಿರುವ ನಮ್ಮ ಕಡೆ, ಗ್ಯಾರೇಜೆಂದ ಮೇಲೆ ಜನರೇಟರ್ ಇಲ್ಲದೆ ನಡೆಯುವುದಿಲ್ಲ. ಕವಚವಿರುವ ಡೀಸೆಲ್ ಜನರೇಟರಿನ ಸದ್ದು 1 ಮೀಟರ್ ದೂರದಲ್ಲಿ 75 ಡೆಸಿಬೆಲ್ ಮೀರಬಾರದೆಂಬ ನಿಯಮವಿದೆ. ನಕ್ಷೆಯಲ್ಲಿ ಜನರೇಟರಿನ ಜಾಗವೇ ಇರಲಿಲ್ಲ.

ಬಡಾವಣೆಯ ಸಭೆಯಲ್ಲಿ ಕೇಳಿದ ಮಾತುಗಳೆಲ್ಲ ಒಂದೇ ಧಾಟಿಯವಾಗಿರಲಿಲ್ಲ. ನೈಟ್ ಡ್ಯೂಟಿ ಮುಗಿಸಿ ಬಂದು ಹಗಲು ಮಲಗುವ ನರ್ಸ್ ಒಬ್ಬರು, ತಮಗೆ ರಾತ್ರಿಯೆಂದರೆ ಬೆಳಿಗ್ಗೆ ಒಂಬತ್ತರಿಂದ ಮೂರರವರೆಗೆ, ಅದು ಯಾವ ನಿಯಮದಲ್ಲಿಯೂ ಇಲ್ಲ ಎಂದರು. ಇನ್ನೊಬ್ಬರು, ಗ್ಯಾರೇಜು ಬಂದರೆ ತಮ್ಮ ಸೈಟಿಗೂ ವಾಣಿಜ್ಯದ ಬೆಲೆ ಬರುತ್ತದೆಂದು ಖುಷಿಯಲ್ಲಿದ್ದರು. ಗ್ಯಾರೇಜಿನಲ್ಲಿ ಕೆಲಸ ಕಲಿಯುತ್ತಿರುವ ಹುಡುಗನೊಬ್ಬನ ತಾಯಿ ನಮ್ಮ ಬೀದಿಯವರೇ. ಮಗ ಊರು ಬಿಟ್ಟು ಬೆಂಗಳೂರಿಗೆ ಹೋಗದೆ ಇಲ್ಲಿಯೇ ನಾಲ್ಕು ಕಾಸು ದುಡಿಯುತ್ತಿದ್ದಾನೆ ಎಂದು ಅವರು ಹೇಳಿದಾಗ ಸಭೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ನಮ್ಮ ಬೀದಿಯೇನೂ ಮೌನವ್ರತದ ಬೀದಿಯಲ್ಲ ಎಂಬುದನ್ನೂ ಒಪ್ಪಬೇಕು. ಸೈಲೆನ್ಸರ್ ಕಿತ್ತ ಬೈಕುಗಳಿವೆ, ಹಬ್ಬದ ಮೈಕುಗಳಿವೆ, ಮನೆ ಕಟ್ಟುವವರ ಟೈಲ್ಸ್ ಕಟರು ತಿಂಗಳುಗಟ್ಟಲೆ ಕೂಗಿದ್ದೂ ಉಂಟು. ಆದರೆ ಮನೆ ಕಟ್ಟುವ ಕೆಲಸ ಗೃಹಪ್ರವೇಶಕ್ಕೆ ನಿಲ್ಲುತ್ತದೆ, ಹಬ್ಬ ಮೂರು ದಿನಕ್ಕೆ ಮುಗಿಯುತ್ತದೆ. ಗ್ಯಾರೇಜಿನ ಕರಾರು ವರ್ಷಗಳದ್ದು.

ಇವೆಲ್ಲ ಮನಸ್ಸಿನಲ್ಲಿಟ್ಟುಕೊಂಡು ಮಾಲೀಕರೊಂದಿಗೆ ಮಾತಾಡಿದೆ. ಕಾಫಿ ತರಿಸಿ ಕೂರಿಸಿಕೊಂಡು, ‘ಸದ್ದಿಲ್ಲದೆ ಗ್ಯಾರೇಜ್ ನಡೆಸೋಕ್ಕಾಗುತ್ತಾ ಮೇಡಂ, ನೀವೇ ಹೇಳಿ’ ಎಂದರು. ‘ನಿಮ್ಮ ಮೇಸ್ತ್ರಿಗಳು ನಡೆಸ್ತಿದ್ದಾರಲ್ಲ’ ಎಂದೆ. ನಕ್ಕರು, ಆದರೆ ಮಾತು ಅಲ್ಲಿಂದ ಸರಿಯಾದ ದಾರಿಗೆ ಬಂತು. ನಾನು ಕೇಳಿದ್ದು ಇಷ್ಟು: ಬ್ರೇಕು, ಕ್ಲಚ್ಚು, ಸಸ್ಪೆನ್ಷನ್, ಆಯಿಲ್ ಸರ್ವೀಸು, ವೈರಿಂಗ್ ಕೆಲಸಗಳು ನಮ್ಮ ಬಡಾವಣೆಗೆ ಬರಲಿ, ಟಿಂಕರಿಂಗ್, ಗ್ರೈಂಡಿಂಗ್, ಪೇಂಟಿಂಗ್ ಹೆದ್ದಾರಿಯಲ್ಲೇ ಉಳಿಯಲಿ. ಕಂಪ್ರೆಸರ್ ಸದ್ದು ಕಡಿಮೆಯಿರುವ ಸ್ಕ್ರೂ ಮಾದರಿಯದಾಗಿರಲಿ, ಅದಕ್ಕೆ ದುಡ್ಡು ಹೆಚ್ಚೆಂದಾದರೆ ಈಗಿನದನ್ನೇ ರಬ್ಬರ್ ಪ್ಯಾಡಿನ ಮೇಲೆ ಕೂರಿಸಿ, ರಸ್ತೆ ಬದಿಗೆ ಗಾಳಿಕಿಂಡಿಯಿರುವ ಇಟ್ಟಿಗೆ ಗೂಡಿನೊಳಗೆ ಇಡಲಿ, ಸಂಜೆ ಮೈನ್ ಸ್ವಿಚ್ಚಿನಲ್ಲೇ ಆರಿಸಲಿ. ಮನೆಗಳ ಕಡೆಯ ಎರಡು ಗೋಡೆಗಳು ಚಾವಣಿಯವರೆಗೆ ಇಟ್ಟಿಗೆಯವಾಗಿದ್ದು, ಗಾಳಿಗೆಂದು ಬಿಡುವ ಸಂದು ರಸ್ತೆಯ ಕಡೆಗಿರಲಿ. ಹಾರ್ನಿನ ಪರೀಕ್ಷೆ, ಎಂಜಿನ್ ರೇಸ್ ಮಾಡುವುದು ಬೀದಿಯಲ್ಲಿ ಬೇಡ. ಕೆಲಸ ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ಆರರವರೆಗೆ, ಭಾನುವಾರ ರಜೆ.

ಹೊತ್ತಿನ ವಿಚಾರಕ್ಕೆ ಕೂಡಲೇ ಒಪ್ಪಿದರು. ಭಾನುವಾರದ ರಜೆಗೆ, ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಎಸ್ಟೇಟಿನ ಪಿಕಪ್ಪುಗಳು ಬಿಡುವು ಕೊಡುವುದಿಲ್ಲವೆಂದು ಸ್ವಲ್ಪ ಚೌಕಾಸಿ ಮಾಡಿ, ಕೊನೆಗೆ ಒಪ್ಪಿದರು. ಕಂಪ್ರೆಸರಿನ ಗೂಡಿಗೂ ಆಗಬಹುದು ಎಂದರು. ಇಟ್ಟಿಗೆ ಗೋಡೆಯ ಖರ್ಚಿನ ಅರ್ಧವನ್ನು ಬಾಡಿಗೆಯಲ್ಲಿ ಕಳೆಯುವಂತೆ ಸೈಟಿನವರನ್ನು ಕೇಳುತ್ತೇನೆ ಎಂದರು. ಟಿಂಕರಿಂಗ್ ಮಾತು ಬಂದಾಗ ಮಾತ್ರ ಲೋಟ ಕೆಳಗಿಟ್ಟು ಕೂತರು. ಅವರ ಉತ್ತರದಲ್ಲಿ ಮುಚ್ಚುಮರೆಯಿರಲಿಲ್ಲ: ಬ್ರೇಕಿನ ಕೆಲಸದಿಂದ ಹೆಸರು ಬರುತ್ತದೆ, ಗ್ಯಾರೇಜಿನ ಬಾಡಿಗೆ ಹುಟ್ಟುವುದು ಅಪಘಾತವಾದ ಗಾಡಿಗಳ ಇನ್ಶೂರೆನ್ಸ್ ಕೆಲಸದಿಂದ, ಮತ್ತು ಹೆದ್ದಾರಿಯ ಜಾಗ ಅದಕ್ಕೆ ಸಾಲದಾಗಿರುವುದೇ ಎರಡನೆಯ ಗ್ಯಾರೇಜಿಗೆ ಕಾರಣ. ಅಂದರೆ ನಮ್ಮ ಬಡಾವಣೆಗೆ ಬರಲಿರುವುದು ನಾನು ಮೆಚ್ಚಿದ ಮೇಸ್ತ್ರಿಯಲ್ಲ, ಬಾಗಿಲಿಗೆ ಛಾಯೆ ತಪ್ಪಿ ಬಣ್ಣ ಹೊಡೆದ ವಿಭಾಗ. ಸಹಿಯ ಹಾಳೆ ಅದನ್ನು ಹೇಳಬೇಕಿತ್ತು.

ಎರಡನ್ನೂ ಅದಲು ಬದಲು ಮಾಡಬಹುದಲ್ಲ ಎಂದು ಸೂಚಿಸಿದೆ: ಸದ್ದಿಲ್ಲದ ಕೆಲಸವನ್ನು ಬಡಾವಣೆಗೆ ತಂದರೆ ಹೆದ್ದಾರಿಯ ಜಾಗವೆಲ್ಲ ಟಿಂಕರಿಂಗಿಗೆ ಖಾಲಿಯಾಗುತ್ತದೆ, ಅಲ್ಲಿ ಕೇಳುವವರೂ ಇಲ್ಲ, ಇಲ್ಲಿ ಮನೆಬಾಗಿಲಿನಲ್ಲೇ ಸರ್ವೀಸಿಗೆ ಗಿರಾಕಿಗಳೂ ಸಿಗುತ್ತಾರೆ. ಯೋಚಿಸುತ್ತೇನೆ ಎಂದಿದ್ದಾರೆ. ಬಾಯಿಮಾತು ಬೇಡ, ಕರಾರಿನ ರೀತಿಯಲ್ಲಿ ಬರೆದು ಅದರ ಪ್ರತಿಯನ್ನು ಉದ್ದಿಮೆ ಪರವಾನಗಿಯ ಅರ್ಜಿಯೊಂದಿಗೇ ನಗರಸಭೆಗೆ ಸಲ್ಲಿಸಿ, ಷರತ್ತುಗಳು ಪರವಾನಗಿಯಲ್ಲೇ ನಮೂದಾಗಲಿ ಎಂದು ನಾವು ಕೆಲವು ಮನೆಯವರು ಬರಹದಲ್ಲಿ ಕೇಳಿಕೊಂಡಿದ್ದೇವೆ. ಈ ವಿಮರ್ಶೆ ಬರೆಯುವ ಹೊತ್ತಿಗೆ ಉತ್ತರ ಬಂದಿಲ್ಲ, ನನ್ನ ಸಹಿಯೂ ಆಗಿಲ್ಲ.

ಅಂಕ ಕೊಡಲೇಬೇಕೆಂದರೆ ಹೀಗೆ ಕೊಡುತ್ತೇನೆ. ಬ್ರೇಕು, ಕ್ಲಚ್ಚು, ಸರ್ವೀಸಿಗೆ ಐದಕ್ಕೆ ನಾಲ್ಕೂವರೆ. ಕಡಿಮೆಯಾದ ಅರ್ಧ, ಎತ್ತದ ಫೋನಿಗೆ. ಟಿಂಕರಿಂಗ್ ಮತ್ತು ಪೇಂಟಿಂಗಿಗೆ ಎರಡೂವರೆ. ಈಗಿನ ನಕ್ಷೆಯಂತೆ ನೆರೆಮನೆಯಾಗಿ ಬಂದರೆ ಒಂದು. ಮೇಲಿನ ಷರತ್ತುಗಳನ್ನು ಒಪ್ಪಿ, ಸದ್ದಿಲ್ಲದ ವಿಭಾಗವನ್ನು ಮಾತ್ರ ತಂದರೆ ನಾಲ್ಕು ಕೊಡಲು ನನಗೆ ಹಿಂಜರಿಕೆಯಿಲ್ಲ. ಹೆದ್ದಾರಿಯ ಗ್ಯಾರೇಜಿಗೆ ಕಾರು ಬಿಡಲು ಹೋಗುವವರು ಸೋಮವಾರ ಹೋಗಬೇಡಿ, ಅಂದು ಗಿರಿಯಿಂದ ಇಳಿದ ಪ್ರವಾಸಿಗರ ಕಾರುಗಳದ್ದೇ ಸಾಲು. ಬುಧವಾರ ಅಥವಾ ಗುರುವಾರ ಬೆಳಿಗ್ಗೆ ಹತ್ತರೊಳಗೆ ಹೋಗಿ, ಹಿರಿಯ ಮೇಸ್ತ್ರಿಯೇ ಚಕ್ರ ಬಿಚ್ಚಬೇಕೆಂದು ಕೇಳಿ, ಬ್ರೇಕ್ ಆಯಿಲ್ ಬದಲಿಸಿದ ದಿನಾಂಕವನ್ನು ಬಿಲ್ಲಿನ ಹಿಂದೆ ಬರೆಸಿಕೊಳ್ಳಿ; ಅದನ್ನು ಅವರು ತಾವಾಗಿ ಬರೆಯುವುದಿಲ್ಲ.